ಊರೇ ಎರಡು ಗುಂಪಾಗಿರುವಾಗ ಊರಿನ ಕೆಲಸಕ್ಕೆ ಇಳಿಯೋದರಲ್ಲಿ ಅರ್ಥ ಇದೆಯಾ?

ನಿಮ್ಮೂರಲ್ಲಿ ಪಕ್ಷಕ್ಕೊಂದು ಗುಂಪು, ಗ್ರಾಮಸಭೆಯಲ್ಲಿ ಬರೀ ಜಗಳ, ಆದರ್ಶ ಅಂದರೆ ಜನ ನಗುತ್ತಾರೆ, ಯಾಕೆ ಒದ್ದಾಡಬೇಕು ಅಂತ ಕೇಳಿದ್ದೀರಿ. ಒದ್ದಾಡಿ ಅಂತಲೇ ಹೇಳುತ್ತೇನೆ. ಆದರೆ ಮೊದಲು ಎಲ್ಲರೂ ಒಂದಾಗಲಿ, ಆಮೇಲೆ ಕೆಲಸ ಅಂತ ಸುಮ್ನೆ ಕಾಯಬೇಡಿ. ಒಂದು ಕೆಲಸದ ಮಟ್ಟಿಗೆ ಒಂದಾದರೆ ಸಾಕು.

ನಾನು ಬಾಗಲಕೋಟೆ ಜಿಲ್ಲೆ ಜಮಖಂಡಿ ಕಡೆಯವನು. ನಮ್ಮಲ್ಲಿ ಚಿಕ್ಕಪಡಸಲಗಿ ಬ್ಯಾರೇಜ್ ಇದೆ. ಬೇಸಿಗೆ ಬಂದರೆ ಕೃಷ್ಣೆ ಬತ್ತುತ್ತಿತ್ತು, ಹೊಳೆ ದಂಡೆಯ ಹೊಲವೇ ಒಣಗುತ್ತಿತ್ತು. ಸರ್ಕಾರಕ್ಕೆ ಕಾದು ಸಾಕಾಗಿ ರೈತರೇ ಸಂಘ ಕಟ್ಟಿದರು. ಸಿದ್ದು ನ್ಯಾಮಗೌಡರು ಮುಂದೆ ನಿಂತರು. ಪಟ್ಟಿ ಎತ್ತಿ, ಮೈಮುರಿದು ದುಡಿದು 1989ರಲ್ಲಿ ಬ್ಯಾರೇಜ್ ಕಟ್ಟಿಯೇ ಬಿಟ್ಟರು. ಅದಕ್ಕೆ ಶ್ರಮಬಿಂದು ಸಾಗರ ಅಂತ ಹೆಸರು. ಹೊಳೆ ಬತ್ತಿದರೆ ಯಾವ ಪಕ್ಷದವನ ಪಂಪ್‌ಸೆಟ್‌ಗೂ ನೀರು ಹತ್ತಲ್ಲ, ಅಲ್ವಾ?

1991ರ ಲೋಕಸಭೆ ಚುನಾವಣೆಯಲ್ಲಿ ಇದೇ ನ್ಯಾಮಗೌಡರು ಕಾಂಗ್ರೆಸ್‌ನಿಂದ ನಿಂತು ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದರು. ಹೆಗಡೆಯವರೂ ಸಣ್ಣವರಲ್ಲ. ಅವರು ಮುಖ್ಯಮಂತ್ರಿ ಆಗಿದ್ದಾಗಲೇ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳಿಗೆ 1987ರಲ್ಲಿ ಚುನಾವಣೆ ಆಗಿದ್ದು, ಹೆಣ್ಮಕ್ಕಳಿಗೆ ಕಾಲುಭಾಗ ಸೀಟು ಸಿಕ್ಕಿದ್ದು. ನಮ್ಮ ದೊಡ್ಡವ್ವ ಹಾಗೆ ಸದಸ್ಯೆ ಆದಳು. ನಮ್ಮ ಕಬ್ಬು ಬೆಳೆಯೋದು ಆ ಬ್ಯಾರೇಜಿನ ನೀರಲ್ಲಿ. ಎದುರುಬದುರು ನಿಂತ ಆ ಇಬ್ಬರ ಋಣವೂ ನಮ್ಮ ಮನೆ ಮೇಲಿದೆ.

ಈಗ ನಮ್ಮೂರಿನ ಮಾತು. ಎರಡು ವರ್ಷದ ಹಿಂದೆ ಶುದ್ಧ ಕುಡಿಯುವ ನೀರಿನ ಘಟಕ ಕೆಟ್ಟು ಐದು ತಿಂಗಳು ನಿಂತಿತ್ತು. ಇವರು ಅವರ ಮೇಲೆ ಹಾಕೋದು, ಅವರು ಇವರ ಮೇಲೆ. ನಾವು ನಾಲ್ಕು ಜನ ಕೂಡಿದೆವು, ಇಬ್ಬರು ಈ ಗುಂಪು, ಇಬ್ಬರು ಆ ಗುಂಪು. 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ದುರಸ್ತಿ ಬಿಲ್ಲಿನ ನಕಲು ಕೇಳಿದೆವು. 30 ದಿನದಲ್ಲಿ ಕೊಡಬೇಕು. ಮೇಲ್ಮನವಿ ಹಾಕಿದ ಮೇಲೆ ಎರಡು ತಿಂಗಳಿಗೆ ಬಂತು. ಹೊಸ ಫಿಲ್ಟರ್ ಹಾಕಿದ್ದೇವೆ ಅಂತ ಅದರಲ್ಲಿತ್ತು. ಬೀಗ ತೆಗೆಸಿ ಬಿಚ್ಚಿ ನೋಡಿದರೆ ಹಳೆಯದೇ. ಹೊಳೆ ರಾಡಿಯ ಬಣ್ಣ, ಮುಟ್ಟಿದರೆ ಲೋಳೆ.

ಅದನ್ನು ಗ್ರಾಮಸಭೆಗೆ ಒಯ್ದು ಮೇಜಿನ ಮೇಲಿಟ್ಟೆವು. ಮುಂದೆ ಕೂತಿದ್ದ ಅಜ್ಜಿಯೊಬ್ಬರು ಎದ್ದು ಬಂದು ಬೆರಳಿಂದ ಒತ್ತಿ ನೋಡಿದರು. "ತಮ್ಮಾ, ನನ್ನ ಮೊಮ್ಮಗಳು ಕುಡಿತಿದ್ದದ್ದು ಇದರಾಗಿನ ನೀರೇನ?" ಅಂದರು. ಆ ದಿನ ಯಾರೂ ಪಕ್ಷದ ಹೆಸರೆತ್ತಲಿಲ್ಲ. ಹದಿನೈದು ದಿನಕ್ಕೆ ಘಟಕ ಚಾಲೂ ಆಯಿತು.

ಚುನಾವಣೆ ಬಂದಾಗ ನಾವು ನಾಲ್ವರೂ ನಮ್ಮ ನಮ್ಮ ಪಕ್ಷಕ್ಕೇ ದುಡಿದೆವು. ಅದರಲ್ಲಿ ತಪ್ಪೇನೂ ಇಲ್ಲ. ನೀವೂ ಹಾಗೇ ಮಾಡಿ: ಕಣ್ಣಿಗೆ ಕಾಣೋ ಒಂದೇ ಕೆಲಸ ಹಿಡಿಯಿರಿ, ಆ ಕಡೆಯವರನ್ನೂ ಮೊದಲ ದಿನವೇ ಕರೆಯಿರಿ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು ಅಂತ ಕಾನೂನಿದೆ. ಕಾಗದದ ಮೇಲೆ ಮುಗಿಸಲು ಬಿಡಬೇಡಿ. ಎಲ್ಲಕ್ಕಿಂತ ಜಾಸ್ತಿ, ಲೆಕ್ಕ ಬಯಲಲ್ಲಿರಲಿ.

ನಮ್ಮ ಘಟಕದ ಗೋಡೆ ಮೇಲೆ ತಿಂಗಳ ಜಮಾ-ಖರ್ಚು ಬರೆಯುತ್ತೇವೆ. ಹೋದ ಸಲ ಕೂಡಿದ್ದರಲ್ಲಿ 35 ರೂಪಾಯಿ ತಪ್ಪಿತ್ತು. ಕಂಡುಹಿಡಿದಿದ್ದು ಆ ಗುಂಪಿನ ಪಿಯುಸಿ ಹುಡುಗ. ಚಾಕ್‌ಪೀಸ್ ಅವನ ಕೈಗೇ ಕೊಟ್ಟೆವು. ಈಗ ಒಂದನೇ ತಾರೀಕಿಗೆ ಅವನೇ ಬರೆಯುತ್ತಾನೆ.