ಮೊದಲು ಬೂಟು, ಆಮೇಲೆ ತೂತು

ಪ್ರಶ್ನೆ: ನಾನು ತುಮಕೂರಿನ ಕ್ಯಾತ್ಸಂದ್ರದವಳು. ಉತ್ತರಾಖಂಡದ ಔಲಿಯಲ್ಲಿ, ಹಿಮದ ಮೇಲೆ ಜಾರುವ 14 ದಿನದ ಸ್ಕೀ ಕೋರ್ಸ್ ಮಾಡಿದ್ದೇನೆ. ಜರ್ಮನಿಯಲ್ಲಿರುವ ತಮ್ಮ ಈಗ ಒಂದು ಜೊತೆ ಸ್ಕೀ ಕಳಿಸಿದ್ದಾನೆ. ನಡು 98 ಮಿ.ಮೀ. ಅಗಲ ಇದೆ. ಬೂಟನ್ನು ಸ್ಕೀಗೆ ಹಿಡಿಸುವ ಬೈಂಡಿಂಗ್ ಇಲ್ಲ, ಅದನ್ನು ಕೂರಿಸಲು ತೂತನ್ನೂ ಕೊರೆದಿಲ್ಲ. ಬೂಟು ಇನ್ನೂ ಕೊಂಡಿಲ್ಲ. ಫೆಬ್ರವರಿಯಲ್ಲಿ ಗುಲ್ಮಾರ್ಗ್‌ಗೆ ಹೋಗಬೇಕು. ಎಂಥ ಬೈಂಡಿಂಗ್ ಕೊಳ್ಳಲಿ? ನಮ್ಮ ಸೋದರಮಾವ ಮರಗೆಲಸದವರು, ಈಗಲೇ ಕೂರಿಸಿಕೊಡುತ್ತೇನೆ ಅನ್ನುತ್ತಾರೆ. ಆಗಬಹುದಾ?

ಉತ್ತರ: ಈಗ ಬೇಡ. ಮಾವನ ಕೈಗುಣದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಬೂಟು ಇಲ್ಲದೆ ಎಲ್ಲಿ ಕೊರೆಯಬೇಕು ಅನ್ನುವುದು ಯಾರಿಗೂ ಗೊತ್ತಾಗುವುದಿಲ್ಲ.

ಸ್ಕೀ ಬೂಟಿನ ಹಿಮ್ಮಡಿಯ ಹತ್ತಿರ 295, 305, 315 ಹೀಗೆ ಒಂದು ಸಂಖ್ಯೆ ಅಚ್ಚಾಗಿರುತ್ತದೆ. ಅದು ಅಟ್ಟೆಯ ಉದ್ದ, ಮಿಲಿಮೀಟರ್ ಲೆಕ್ಕದಲ್ಲಿ. ಅಟ್ಟೆಯ ನಡುವಿಗೆ ಬೂಟಿನ ಪಕ್ಕದಲ್ಲಿ ಒಂದು ಗೆರೆ ಇರುತ್ತದೆ. ಸ್ಕೀ ಮೇಲೂ ಒಂದು ಗೆರೆ ಇರುತ್ತದೆ. ಎರಡೂ ಸರಿಯಾಗಿ ಕೂಡಬೇಕು. ಒಂದೇ ಸೈಜಿನ ಬೂಟಾದರೂ ಕಂಪನಿಯಿಂದ ಕಂಪನಿಗೆ ಅಟ್ಟೆಯ ಉದ್ದ ಬೇರೆ ಬೇರೆ. ಸಾಮಾನ್ಯ ಬೈಂಡಿಂಗ್‌ನಲ್ಲಿ ಮುಂದಿನ ತುಂಡು ಕದಲುವುದಿಲ್ಲ, ಹಿಂದಿನದು ಮಾತ್ರ ಸ್ವಲ್ಪ ಜರುಗುತ್ತದೆ. ನಾಳೆ 20 ಮಿ.ಮೀ. ಉದ್ದ ಜಾಸ್ತಿ ಇರುವ ಬೂಟು ಬಂದರೆ ಹಿಂದಿನದನ್ನು ಜರುಗಿಸಿ ಹಾಕಿಕೊಳ್ಳಬಹುದು. ಆದರೆ ನೀವು ನಿಲ್ಲುವ ಜಾಗ 10 ಮಿ.ಮೀ. ಹಿಂದಕ್ಕೆ ಹೋಗಿಬಿಡುತ್ತದೆ. ತಿರುವು ತೆಗೆದುಕೊಳ್ಳುವಾಗ ಆ ವ್ಯತ್ಯಾಸ ಕಾಲಿಗೆ ಗೊತ್ತಾಗುತ್ತದೆ.

ಇನ್ನೊಂದು ಸಲ ಕೊರೆದರಾಯಿತು ಅಲ್ವಾ ಅನ್ನಬೇಡಿ. ಬಾಗಿಲ ಕೀಲು ಕಿತ್ತು ಅರ್ಧ ಬೆರಳು ಪಕ್ಕಕ್ಕೆ ಹಾಕಿದರೆ ಸ್ಕ್ರೂ ಹಿಡಿಯುತ್ತದಾ ಅಂತ ಮಾವನನ್ನೇ ಕೇಳಿ. ಸ್ಕೀ ಒಳಗಿರುವುದೂ ಹೆಚ್ಚಾಗಿ ಮರವೇ. ಅದರ ಮೇಲೆ ಕೆಲವು ಸ್ಕೀಗಳಲ್ಲಿ ಲೋಹದ ತೆಳು ಹಾಳೆ ಇರುತ್ತದೆ. ಬರೀ ಮರವಿದ್ದರೆ 3.6 ಮಿ.ಮೀ. ಡ್ರಿಲ್ ಬಿಟ್, ಲೋಹವಿದ್ದರೆ 4.1. ಆಳ ಸುಮಾರು 9 ಮಿ.ಮೀ. ಅಷ್ಟೇ. ಅದಕ್ಕಿಂತ ಕೆಳಗೆ ಹೋದರೆ ತಳ ಹಾಳಾಗುತ್ತದೆ. ಹಾಗಾಗಿ ಬಿಟ್ ಆ ಆಳಕ್ಕೆ ತಾನೇ ನಿಲ್ಲುವಂಥದ್ದಾಗಿರಬೇಕು. ತೂತಿಗೆ ಅಂಟು ಹಾಕಿಯೇ ಸ್ಕ್ರೂ ತಿರುಗಿಸಬೇಕು, ಇಲ್ಲದಿದ್ದರೆ ಕರಗಿದ ಹಿಮದ ನೀರು ಇಳಿದು ಮರ ಕೊಳೆಯುತ್ತದೆ. ತೂತುಗಳ ಜಾಗ ತೋರಿಸುವ ಅಚ್ಚು ಪ್ರತಿ ಬೈಂಡಿಂಗ್‌ಗೂ ಬೇರೆ. ಆ ಅಚ್ಚು ಇರುವ ಸ್ಕೀ ಅಂಗಡಿಯಲ್ಲೇ ಮಾಡಿಸಿ.

ಈಗ ಆಯ್ಕೆಯ ವಿಷಯ. ಬೈಂಡಿಂಗ್ ಕೆಲಸ ಹಿಡಿದುಕೊಳ್ಳುವುದು ಮಾತ್ರ ಅಂತ ಜಾಸ್ತಿ ಜನ ತಿಳಿದಿದ್ದಾರೆ. ಬಿದ್ದಾಗ ಬಿಟ್ಟುಬಿಡುವುದು ಅದಕ್ಕಿಂತ ಮುಖ್ಯ. ಹ್ಯಾಲ್ಮಾರ್ ಹ್ವಾಮ್ ಅನ್ನುವವರು ಸ್ಕೀ ಮಾಡುವಾಗ ಕಾಲು ಮುರಿದುಕೊಂಡ ಮೇಲೆಯೇ, 1937ರಲ್ಲಿ ಅಮೆರಿಕದಲ್ಲಿ, ಬಿದ್ದಾಗ ಕಳಚಿಕೊಳ್ಳುವ ಬೈಂಡಿಂಗ್ ಮಾಡಿದರು. ಎಷ್ಟು ಬಲಕ್ಕೆ ಕಳಚಬೇಕು ಅನ್ನುವುದಕ್ಕೆ ಡಿನ್ ಸಂಖ್ಯೆ ಅನ್ನುತ್ತಾರೆ. ತೂಕ, ಎತ್ತರ, ವಯಸ್ಸು, ಅಟ್ಟೆಯ ಉದ್ದ, ನೀವು ಎಷ್ಟು ವೇಗವಾಗಿ ಇಳಿಯುತ್ತೀರಿ, ಇವೆಲ್ಲ ನೋಡಿ ಕೋಷ್ಟಕದಿಂದ ಅದನ್ನು ತೆಗೆಯುತ್ತಾರೆ. ನಿಮ್ಮದು 5 ಬಂತು ಅನ್ನಿ. 3ರಿಂದ 10ರವರೆಗಿನ ಬೈಂಡಿಂಗ್ ಸಾಕು. 5ರಿಂದ ಶುರುವಾಗುವ ದುಬಾರಿ ಬೈಂಡಿಂಗ್ ಸುಮ್ನೆ ಕೊಳ್ಳಬೇಡಿ. ನಿಮ್ಮ ಸಂಖ್ಯೆ ಅದರ ಅಂಚಿಗೆ ಬಂದುಬಿಡುತ್ತದೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಕಲಿಯುವ ದಿನಗಳಲ್ಲಿ ನಾನು ಸ್ಕೀ ಬಾಡಿಗೆಗೆ ತೆಗೆದುಕೊಂಡಿದ್ದೆ. ಕೊಟ್ಟವರು ನನ್ನ ತೂಕವನ್ನೂ ಕೇಳಲಿಲ್ಲ. ನಾನೂ ಸಂಖ್ಯೆ ನೋಡಲಿಲ್ಲ. ನಿಧಾನವಾಗಿಯೇ ಬಿದ್ದೆ, ಆದರೆ ಸ್ಕೀ ಕಳಚಲಿಲ್ಲ. ಕಾಲು ತಿರುಚಿ ಎರಡು ತಿಂಗಳು ಮನೆಯಲ್ಲಿ ಕೂತೆ. ಆಮೇಲೆ ನೋಡಿದರೆ 6 ಇರಬೇಕಾದ ಕಡೆ 9 ಇತ್ತು. ನೀವು ಬಾಡಿಗೆ ಸ್ಕೀ ತೆಗೆದುಕೊಂಡರೂ ಬೈಂಡಿಂಗ್ ಮೇಲಿನ ಪುಟ್ಟ ಕಿಂಡಿಯಲ್ಲಿ ಕಾಣುವ ಸಂಖ್ಯೆ ಓದಿ. ಸಂಖ್ಯೆ ಸರಿ ಇದ್ದರೂ ಮಂಡಿಯ ಒಳಗಿನ ಲಿಗಮೆಂಟ್ ಹರಿಯುವುದನ್ನು ಬೈಂಡಿಂಗ್ ಪೂರ್ತಿ ತಡೆಯಲಾರದು, ಇದೂ ತಿಳಿದಿರಲಿ.

ಕಳಚಿದ ಸ್ಕೀ ಜಾರಿ ಹೋಗದಂತೆ ತಡೆಯುವ, ಬೈಂಡಿಂಗ್‌ನಲ್ಲೇ ಇರುವ ಬ್ರೇಕ್ ಸ್ಕೀ ನಡುವಿಗಿಂತ ಸ್ವಲ್ಪ ಅಗಲ ಇರಬೇಕು. ನಿಮ್ಮ 98ಕ್ಕೆ 100 ಅಥವಾ 110 ಸರಿ. ಅಟ್ಟೆಗಳಲ್ಲಿ ಚಪ್ಪಟೆಯದು, ನಡೆಯಲು ಅನುಕೂಲವಾಗುವ ಗ್ರಿಪ್‌ವಾಕ್, ಬೆಟ್ಟ ಹತ್ತುವವರ ಟೂರಿಂಗ್ ಅಟ್ಟೆ ಅಂತ ಬೇರೆ ಬೇರೆ ಇವೆ. ನಿಮ್ಮ ಬೂಟಿನ ಅಟ್ಟೆಯನ್ನು ಒಪ್ಪುವ ಬೈಂಡಿಂಗ್ ಮಾತ್ರ ಕೊಳ್ಳಿ. ಇಲ್ಲೂ ತೀರ್ಮಾನ ಬೂಟಿನದೇ.

ಈ ಫೆಬ್ರವರಿಗೆ ಬಾಡಿಗೆ ಸ್ಕೀ ಸಾಕು. ಬೂಟು ಕಾಲಿಗೆ ಹಾಕಿ ನೋಡಿಯೇ ಕೊಳ್ಳಿ. ಒಂದೆರಡು ದಿನ ಇಳಿಜಾರಿನಲ್ಲಿ ಬಳಸಿ, ಬೆರಳು, ಹಿಮ್ಮಡಿ ನೋಯುತ್ತಿಲ್ಲ ಅಂತ ಖಚಿತವಾದ ಮೇಲೆ ಬೈಂಡಿಂಗ್ ಕೂರಿಸಿ.

ಪ್ರಶ್ನೆ: ನಾನು ಕೋಲಾರದವನು, 54 ವರ್ಷ. ಮಗನಿಗೂ ನನಗೂ ಒಂದೇ ತೂಕ, ಒಂದೇ ಬೂಟು. ಅವನ ಸ್ಕೀಯನ್ನು ಹಾಗೆಯೇ ಹಾಕಿಕೊಳ್ಳಬಹುದೇ?

ಉತ್ತರ: ಹಾಗೆಯೇ ಬೇಡ. 50 ದಾಟಿದವರಿಗೆ ಕೋಷ್ಟಕದಲ್ಲಿ ಒಂದು ಸಾಲು ಕಡಿಮೆ ತೆಗೆದುಕೊಳ್ಳುತ್ತಾರೆ. ಸಂಖ್ಯೆ ಬದಲಿಸಿಕೊಂಡು ಹಾಕಿ, ಮಗನಿಗೆ ವಾಪಸ್ ಕೊಡುವಾಗ ಅವನ ಸಂಖ್ಯೆಗೆ ತಿರುಗಿಸಿ.

ಪ್ರಶ್ನೆ: ಚಿಕ್ಕಬಳ್ಳಾಪುರದಲ್ಲಿದ್ದೇನೆ. ಪ್ರತಿ ತಿಂಗಳು ಸ್ಕಂದಗಿರಿ ಹತ್ತುತ್ತೇನೆ. ಸ್ಕೀ ಕಲಿಯುವ ಆಸೆ ಇದೆ. ಹತ್ತಲು ಬರುವ ಪಿನ್ ಬೈಂಡಿಂಗ್ ಈಗಲೇ ಕೊಳ್ಳಲೇ?

ಉತ್ತರ: ನಿಮಗೆ ಏದುಸಿರು ಬರುವುದಿಲ್ಲ, ಅದು ನಿಜವಾಗಿಯೂ ಒಳ್ಳೆಯದು. ಆದರೆ ಮೊದಲು ಗೊಂಡೋಲಾ, ಲಿಫ್ಟ್ ಇರುವ ಕಡೆ ಇಳಿಯುವುದನ್ನು ಕಲಿಯಿರಿ. ಪಿನ್ ಬೈಂಡಿಂಗ್‌ಗೆ ಮುಂದೆ, ಹಿಂದೆ ಲೋಹದ ಗುಳಿ ಇರುವ ಬೂಟೇ ಬೇಕು. ಅದನ್ನು ಹಾಕಿಕೊಂಡು ಹತ್ತುವ ಬೆಟ್ಟಗಳಲ್ಲಿ ಹಿಮ ಕುಸಿಯುವ ಅಪಾಯವೂ ಇರುತ್ತದೆ. ಅಲ್ಲಿಗೆ ಹೋಗುವ ದಿನ ಬಂದಾಗ ಹಿಮದಡಿ ಸಿಕ್ಕವರನ್ನು ಹುಡುಕಲು ಸಂಕೇತ ಕಳಿಸುವ ಬೀಕನ್, ಸಲಿಕೆ, ಹಿಮಕ್ಕೆ ಚುಚ್ಚಿ ನೋಡುವ ಶೋಧಕೋಲು ಮತ್ತು ಆ ಇಳಿಜಾರು ಗೊತ್ತಿರುವ ಗೈಡ್, ಇವು ಬೈಂಡಿಂಗ್‌ಗಿಂತ ಮೊದಲು ಬೇಕು.