ಶಾರ್ಟ್‌ವೇವ್ ರೇಡಿಯೊ ಅಯಾನುಗೋಳಕ್ಕೆ, ಅಂದರೆ ಮೇಲಿನ ಗಾಳಿಯ ವಿದ್ಯುತ್ ಕಣಗಳ ಪದರಕ್ಕೆ, ತಾಗಿ ವಾಪಸ್ ಬರುತ್ತದಂತೆ, ಹಾಗಾದರೆ ಉಪಗ್ರಹದ ಸಿಗ್ನಲ್ ಅದನ್ನು ಹೇಗೆ ದಾಟುತ್ತದೆ?

ದಾಟುತ್ತದೆ, ಆದರೆ ಸುಂಕ ಕಟ್ಟಿ. ನಾನು ಜಮೀನು ಸರ್ವೇ ಮಾಡುವವನು. ಡಿಜಿಪಿಎಸ್ (ಉಪಗ್ರಹ ಸಿಗ್ನಲ್‌ನಿಂದ ಜಾಗವನ್ನು ನಿಖರವಾಗಿ ಅಳೆಯುವ ಉಪಕರಣ) ಹೊತ್ತು ಹೊಲ ಸುತ್ತುವವರಿಗೆಲ್ಲ ಈ ಪದರದ ಕಾಟ ಗೊತ್ತು.

ಬಿಸಿಲಿನ ನೇರಳಾತೀತ ಕಿರಣ ಮೇಲಿನ ಗಾಳಿಯ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಬಿಡುತ್ತದೆ. ಸುಮಾರು 300 ಕಿ.ಮೀ. ಎತ್ತರದಲ್ಲಿ ಅವು ದಟ್ಟ. ಶಾರ್ಟ್‌ವೇವ್ ಕೆಲವೇ ಮೆಗಾಹರ್ಟ್ಸ್‌ನದು; ಆ ತಾಳಕ್ಕೆ ಎಲೆಕ್ಟ್ರಾನುಗಳು ಸಲೀಸಾಗಿ ತೂಗಿ ಅಲೆಯನ್ನು ಹಿಂದಕ್ಕಟ್ಟುತ್ತವೆ. ಜಿಪಿಎಸ್‌ನ 1575.42 ಮೆಗಾಹರ್ಟ್ಸ್ ತಾಳಕ್ಕೆ ಅವು ಮಿಸುಕಾಡುವಷ್ಟರಲ್ಲಿ ಅಲೆ ದಾಟಿಯಾಗಿರುತ್ತದೆ. ಸ್ವಲ್ಪ ತಡವಾಗಿ, ಅಷ್ಟೆ. ಆವರ್ತನ ಎರಡು ಪಟ್ಟಾದರೆ ತಡ ಕಾಲು ಭಾಗಕ್ಕಿಳಿಯುತ್ತದೆ.

ಜಿಪಿಎಸ್‌ನಂತೆ ಸ್ಥಳ ತಿಳಿಸುವ ನಮ್ಮ ದೇಶದ ನಾವಿಕ್ ಉಪಗ್ರಹಗಳನ್ನೇ ನೋಡಿ. ಒಂದು ಚದರ ಮೀಟರ್ ಅಗಲದ ಕಂಬದಂತೆ ಪದರವನ್ನು ಕೊರೆದರೆ, ಸೌರ ಚಟುವಟಿಕೆ ಜೋರಿರುವ ವರ್ಷದ ಮಧ್ಯಾಹ್ನ ಅದರಲ್ಲಿ 10ರ 18ನೇ ಘಾತದಷ್ಟು ಎಲೆಕ್ಟ್ರಾನ್ ಸಿಗಬಹುದು. ಆಗ ಎಲ್5 (1176.45 ಮೆಗಾಹರ್ಟ್ಸ್) ಸಿಗ್ನಲ್‌ಗೆ ದೂರ 29 ಮೀಟರ್ ಹೆಚ್ಚಾಗಿ ಕಾಣುತ್ತದೆ, ಎಸ್ ಬ್ಯಾಂಡ್‌ಗೆ (2492.028) ಆರೂವರೆ ಮೀಟರ್. ರಿಸೀವರ್‌ಗೆ ಸಿಗುವುದು ಇವೆರಡರ ವ್ಯತ್ಯಾಸ ಮಾತ್ರ. ಆದರೆ ಒಂದು ಇನ್ನೊಂದರ ಸುಮಾರು ನಾಲ್ಕೂವರೆ ಪಟ್ಟು ಎಂಬುದು ಮೊದಲೇ ಗೊತ್ತಿರುವುದರಿಂದ ಎರಡನ್ನೂ ಲೆಕ್ಕ ಹಾಕಿ ಕಳೆಯಬಹುದು. ಒಂದೇ ಆವರ್ತನದ ಫೋನ್‌ಗಳಿಗೆ ಈ ಉಪಾಯವಿಲ್ಲ. ಜಿಪಿಎಸ್ ಉಪಗ್ರಹ ಕಳಿಸುವ ಎಂಟು ಸಂಖ್ಯೆಗಳ ಅಂದಾಜನ್ನು ನಂಬಬೇಕು; ಅದು ತಪ್ಪಿನ ಅರ್ಧದಷ್ಟನ್ನು ತೆಗೆಯುತ್ತದೆ. ವಿಮಾನಗಳಿಗೆ ಈ ತಪ್ಪಿನ ತಿದ್ದುಪಡಿ ಕಳಿಸಲು ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರದ ‘ಗಗನ್’ ವ್ಯವಸ್ಥೆ ಇದೆ.

ತಡವನ್ನಾದರೂ ಲೆಕ್ಕ ಹಾಕಬಹುದು, ಮಿನುಗನ್ನು ಆಗುವುದಿಲ್ಲ. ಕಾಂತೀಯ ಸಮಭಾಜಕ (ಭೂಮಿಯ ಕಾಂತಬಲ ನೆಲಕ್ಕೆ ಸಮಾಂತರವಾಗಿರುವ ರೇಖೆ) ಹಾದುಹೋಗುವುದು ಭಾರತದ ದಕ್ಷಿಣ ತುದಿಯಲ್ಲಿ. ಅಲ್ಲಿ ಹೊತ್ತು ಮುಳುಗಿದ ಮೇಲೆ ಪದರದ ತಳದಿಂದ ಎಲೆಕ್ಟ್ರಾನ್ ಕಮ್ಮಿಯಿರುವ ಗುಳ್ಳೆಗಳು ಮೇಲೇಳುತ್ತವೆ, ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನಲ್ಲಿ ಹೆಚ್ಚು. ಅವುಗಳ ಮೂಲಕ ಬಂದ ಸಿಗ್ನಲ್ ನಕ್ಷತ್ರದ ಹಾಗೆ ಮಿನುಗುತ್ತದೆ.

ಒಂದು ಮಾರ್ಚ್‌ನಲ್ಲಿ ಇನ್ನೆರಡೇ ಪಾಯಿಂಟ್ ಅಂತ ರಾತ್ರಿ ಎಂಟರವರೆಗೆ ಹೊಲದಲ್ಲೇ ಇದ್ದೆ. ‘ಫಿಕ್ಸ್’ (ಸೆಂಟಿಮೀಟರ್ ಮಟ್ಟದ ನಿಖರತೆ) ಇದ್ದದ್ದು ‘ಫ್ಲೋಟ್’ (ಬರೀ ಅಂದಾಜು) ಆಯಿತು, ಮತ್ತೆ ಫಿಕ್ಸ್, ಮತ್ತೆ ಫ್ಲೋಟ್. ಬ್ಯಾಟರಿ ಬದಲಿಸಿದೆ, ಕೇಬಲ್ ಬದಲಿಸಿದೆ, ಪಕ್ಕದ ತೆಂಗಿನ ಮರವನ್ನೂ ಬೈದೆ. ಮರುದಿನ ಬೆಳಗ್ಗೆ ಅದೇ ಮರದ ಪಕ್ಕ ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಈಗ ಮಾರ್ಚ್ ಬಂತೆಂದರೆ ಸಂಜೆ ಏಳರೊಳಗೆ ಟ್ರೈಪಾಡ್ ಮಡಚಿಬಿಡುತ್ತೇನೆ.