ಬಿಪಿ ಮಾತ್ರೆ ಬಿಟ್ಟರೆ ಸರಿಹೋಗುವುದೇ?

ಪ್ರಶ್ನೆ: ನನಗೆ 49 ವರ್ಷ, ಕಿರಾಣಿ ಅಂಗಡಿ ನಡೆಸುತ್ತೇನೆ, ಬೀಡಿ ಸೇದುವ ಅಭ್ಯಾಸವಿದೆ. ಎರಡು ವರ್ಷಗಳಿಂದ ರಕ್ತದೊತ್ತಡಕ್ಕೆ ಅಟೆನೊಲಾಲ್ ಮತ್ತು ಕ್ಲೋರ್‌ಥಾಲಿಡೋನ್ ಸೇರಿದ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಈಚೆಗೆ ಪತ್ನಿಯೊಂದಿಗೆ ಸೇರುವಾಗ ಶಿಶ್ನ ಸರಿಯಾಗಿ ಗಡುಸಾಗುತ್ತಿಲ್ಲ. ಮಾತ್ರೆಯೇ ಕಾರಣವೆಂದು ಗೆಳೆಯರು ಹೇಳುತ್ತಾರೆ. ಬಿಟ್ಟುಬಿಡಲೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ನೀವಾಗಿಯೇ ಬಿಡಬೇಡಿ. ಅಟೆನೊಲಾಲ್ ಅನ್ನು ಒಮ್ಮೆಲೇ ನಿಲ್ಲಿಸಿದರೆ ಎದೆಬಡಿತವೂ ರಕ್ತದೊತ್ತಡವೂ ಏಕಾಏಕಿ ಏರಿ, ಹೃದಯದ ರಕ್ತನಾಳಗಳಲ್ಲಿ ಮೊದಲೇ ತೊಂದರೆ ಇರುವವರಿಗೆ ಹೃದಯಾಘಾತವೂ ಆಗಬಹುದು. ಗೆಳೆಯರ ಮಾತು ಪೂರ್ತಿ ಸುಳ್ಳಲ್ಲ: ಅಟೆನೊಲಾಲ್‌ನಂಥ ಹಳೆಯ ಬೀಟಾ ಬ್ಲಾಕರ್‌ಗಳೂ (ಎದೆಬಡಿತ ತಗ್ಗಿಸುವ ಔಷಧಿಗಳು) ಮೂತ್ರ ಹೆಚ್ಚಿಸುವ ಕ್ಲೋರ್‌ಥಾಲಿಡೋನ್‌ನಂಥ ಔಷಧಿಗಳೂ ಕೆಲವರಲ್ಲಿ ಈ ತೊಂದರೆ ತರುತ್ತವೆ. ಆದರೆ 2003ರಲ್ಲಿ ಪ್ರಕಟವಾದ ಇಟಲಿಯ ಒಂದು ಅಧ್ಯಯನದಲ್ಲಿ 96 ಪುರುಷರಿಗೆ ಅಟೆನೊಲಾಲ್ ಕೊಟ್ಟಾಗ, ಯಾವ ಮಾತ್ರೆಯೆಂದು ತಿಳಿಯದವರಲ್ಲಿ ಶೇ. 3ರಷ್ಟು ಮಂದಿಗೆ ಮಾತ್ರ ಈ ಸಮಸ್ಯೆ ಕಂಡರೆ, ಮಾತ್ರೆಯ ಹೆಸರನ್ನೂ ಅಡ್ಡಪರಿಣಾಮವನ್ನೂ ಮೊದಲೇ ಕೇಳಿದ್ದವರಲ್ಲಿ ಅದು ಶೇ. 31ಕ್ಕೆ ಏರಿತ್ತು. ಹೀಗಾಗಿ ಗೆಳೆಯರ ಸಲಹೆಯೂ ಒಂದು ಕಾರಣವಾಗಿರಬಹುದು!

ನನಗೆ ಹೆಚ್ಚು ಕಾಳಜಿಯಾಗಿರುವುದು ನಿಮ್ಮ ರಕ್ತನಾಳಗಳ ಬಗ್ಗೆ. ಶಿಶ್ನಕ್ಕೆ ರಕ್ತ ಒಯ್ಯುವ ನಾಳಗಳು 1ರಿಂದ 2 ಮಿ.ಮೀ. ಅಗಲ, ಹೃದಯದವು 3ರಿಂದ 4 ಮಿ.ಮೀ.; ಆದ್ದರಿಂದ ಅಧಿಕ ರಕ್ತದೊತ್ತಡ, ಸಕ್ಕರೆ ಕಾಯಿಲೆ ಮತ್ತು ಬೀಡಿಯಿಂದ ನಾಳಗಳ ಒಳಪದರ ಕೆಟ್ಟಾಗ ತೊಂದರೆ ಮೊದಲು ಕಾಣುವುದು ಚಿಕ್ಕ ನಾಳಗಳಲ್ಲಿ, ಎದೆನೋವು ಬರುವುದು ಕೆಲವು ವರ್ಷಗಳ ನಂತರ. ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಾಗಲಿ ನಿಮ್ಮ ವೈದ್ಯರಲ್ಲಾಗಲಿ ಸಕ್ಕರೆ, ಕೊಲೆಸ್ಟ್ರಾಲ್, ಇಸಿಜಿ ಪರೀಕ್ಷೆ ಮಾಡಿಸಿ. ಬೆಳಗಿನ ಜಾವ ಶಿಶ್ನ ತಾನಾಗಿಯೇ ಗಡುಸಾಗುತ್ತದೆಯೇ ಎಂಬುದನ್ನೂ ಹೇಳಿ. ಆಗುತ್ತಿದ್ದರೆ ಕಾರಣ ಮನಸ್ಸಿನ ಆತಂಕವಿರುವ ಸಾಧ್ಯತೆ ಹೆಚ್ಚು.

ಮಾತ್ರೆಯಿಂದಲೇ ಎಂದು ವೈದ್ಯರಿಗೆ ಅನ್ನಿಸಿದರೆ ಅದನ್ನು ನಿಧಾನವಾಗಿ ತಗ್ಗಿಸಿ ಟೆಲ್ಮಿಸಾರ್ಟನ್, ಲೋಸಾರ್ಟನ್ ಅಥವಾ ಅಮ್ಲೋಡಿಪಿನ್‌ಗೆ ಬದಲಾಯಿಸಬಹುದು; ಇವುಗಳಿಂದ ಲೈಂಗಿಕ ತೊಂದರೆ ಸಾಮಾನ್ಯವಾಗಿ ಆಗುವುದಿಲ್ಲ. ಬೀಟಾ ಬ್ಲಾಕರ್ ಬೇಕೇಬೇಕಾದವರಿಗೆ ಈ ತೊಂದರೆ ಕಡಿಮೆಯಿರುವ ನೆಬಿವೊಲಾಲ್ ಇದೆ. ಬೀಡಿಯನ್ನಂತೂ ಪೂರ್ತಿ ಬಿಡಬೇಕು. ಮಂಡಕ್ಕಿ ಮಿರ್ಚಿಯ ಊರಿನಲ್ಲಿದ್ದು ಉಪ್ಪು ಕಡಿಮೆ ಮಾಡುವುದು ಕಷ್ಟವೆಂದು ಬಲ್ಲೆ, ಆದರೂ ಅದೂ ಆಗಬೇಕು.

ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ಸಿಲ್ಡೆನಾಫಿಲ್ (ಶಿಶ್ನ ಗಡುಸಾಗಲು ಕೊಡುವ, ವಯಾಗ್ರದಲ್ಲಿರುವ ಔಷಧಿ) ತಂದು ನುಂಗಬೇಡಿ. ರಕ್ತದೊತ್ತಡ ಹತೋಟಿಯಲ್ಲಿರುವ ಹಲವರಿಗೆ ವೈದ್ಯರೇ ಅದನ್ನು ಬರೆದುಕೊಡುತ್ತಾರೆ. ಆದರೆ ಎದೆನೋವಿಗೆ ಸಾರ್ಬಿಟ್ರೇಟ್‌ನಂಥ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಮುಟ್ಟಲೇಬಾರದು, ಏಕೆಂದರೆ ಎರಡೂ ಸೇರಿದರೆ ರಕ್ತದೊತ್ತಡ ಪ್ರಾಣಾಪಾಯವಾಗುವಷ್ಟು ಕುಸಿಯುತ್ತದೆ.